ನೆಟ್‌ಹ್ಯಾಕ್‌ನಲ್ಲಿ ನಾಲ್ಕನೇ ಫ್ಲೋರ್ ದಾಟುವುದು ಹೇಗೆ?

ಪ್ರಶ್ನೆ: ನಾನು ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಸೀನಿಯರ್ ಒಬ್ಬರು ನನ್ನ ಹಳೇ ಲ್ಯಾಪ್‌ಟಾಪ್‌ಗೆ ನೆಟ್‌ಹ್ಯಾಕ್ ಎಂಬ ಕಂಪ್ಯೂಟರ್ ಆಟ ಹಾಕಿಕೊಟ್ಟರು. ಡಂಜನ್ ಎಂಬ ನೆಲಮಾಳಿಗೆಯಲ್ಲಿ ಒಂದೊಂದೇ ಫ್ಲೋರ್ ಕೆಳಗಿಳಿಯುವುದು, ಎದುರಾಗುವ ಪ್ರಾಣಿಗಳೆಲ್ಲ ಪರದೆಯ ಮೇಲೆ ಬರೀ ಅಕ್ಷರಗಳು. ತುಂಬಾ ಇಷ್ಟವಾಗಿದೆ, ಆದರೆ ನಾಲ್ಕನೇ ಫ್ಲೋರ್ ದಾಟಲು ಆಗುತ್ತಲೇ ಇಲ್ಲ. ಒಮ್ಮೆ ನೀಲಿ ಬಣ್ಣದ ‘ಇ’ ಅಕ್ಷರಕ್ಕೆ ಹೊಡೆದೆ, ಕೈಕಾಲು ಆಡದೆ ನಿಂತಲ್ಲೇ ಸತ್ತೆ. ಗಣಿಯೊಳಗೆ ಕೆಂಪು ‘ಎಚ್’ ಒಂದೇ ಏಟಿಗೆ ಮುಗಿಸಿತು. ಇನ್ನೊಮ್ಮೆ ಪ್ರಾರ್ಥನೆ ಮಾಡಿದರೆ ದೇವರೇ ಸಿಟ್ಟಾದ. ನನಗೆ ವಿಝಾರ್ಡ್ ಆಗಿ ಆಡುವ ಆಸೆ, ಅದು ಸರಿಯಾ? ನೆಟ್‌ನಲ್ಲಿ ಓದಿಕೊಂಡು ಆಡಿದರೆ ಮೋಸ ಆಗುತ್ತದಾ? ಲ್ಯಾಪ್‌ಟಾಪ್‌ನಲ್ಲಿ ನಂಬರ್ ಪ್ಯಾಡ್ ಬೇರೆ ಇಲ್ಲ, ಕೀಗಳೆಲ್ಲ ಗೊಂದಲ.

ಉತ್ತರ: ಮೊದಲಿಗೆ ಒಂದು ಮಾತು. ನಾಲ್ಕನೇ ಫ್ಲೋರ್‌ನಲ್ಲಿ ಸಾಯುವುದು ನಿಮ್ಮೊಬ್ಬರ ಕಥೆ ಅಲ್ಲ, ಈ ಆಟ ಹಿಡಿದವರೆಲ್ಲ ಅಲ್ಲೇ ಸುತ್ತುಮುತ್ತ ಸಾಯುತ್ತಾರೆ. ನೆಟ್‌ಹ್ಯಾಕ್ ಬಂದದ್ದು 1987ರಲ್ಲಿ. ಅದರ ಮೂಲ ‘ರೋಗ್’ ಅದಕ್ಕಿಂತ ಏಳು ವರ್ಷ ಹಳೆಯದು, ಈ ಜಾತಿಯ ಆಟಗಳಿಗೆಲ್ಲ ರೋಗ್‌ಲೈಕ್ ಅಂತ ಹೆಸರು ಬಂದದ್ದೇ ಅದರಿಂದ. ಸತ್ತರೆ ಮತ್ತೆ ಮೊದಲಿಂದ, ಪ್ರತಿ ಸಲವೂ ಡಂಜನ್ ಹೊಸದು. ಹಾಗಾಗಿ ದಾರಿ ಬಾಯಿಪಾಠ ಮಾಡಿ ಪ್ರಯೋಜನ ಇಲ್ಲ. ಕಲಿಯಬೇಕಾದ್ದು ಅಭ್ಯಾಸಗಳನ್ನು.

ಅದರಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದು ಅಂತ ಕೇಳಿದರೆ ನಾನು ಹೇಳುವುದು ಇದೊಂದೇ: ಕೀಲಿಯಿಂದ ಬೆರಳು ಎತ್ತಿ. ಇದು ಟರ್ನ್ ಮೇಲೆ ನಡೆಯುವ ಆಟ. ನೀವು ಕೀ ಒತ್ತುವವರೆಗೆ ಡಂಜನ್‌ನಲ್ಲಿ ಒಂದು ಇರುವೆಯೂ ಅಲ್ಲಾಡುವುದಿಲ್ಲ. ಎದ್ದು ಹೋಗಿ ಊಟ ಮಾಡಿ ಬನ್ನಿ, ರಾಕ್ಷಸ ಅಲ್ಲೇ ನಿಂತಿರುತ್ತಾನೆ. ಆದರೂ ಹೊಸಬರು ಆಡುವುದು ಹಿಂದಿನಿಂದ ಯಾರೋ ಅಟ್ಟಿಸಿಕೊಂಡು ಬರುವವರ ಹಾಗೆ.

ಶನಿವಾರ ಸಂಜೆ ಕದ್ರಿಯ ನಮ್ಮ ಮನೆಗೆ ಈ ಆಟ ಕಲಿಯಲು ಕೆಲವು ಹುಡುಗರು ಬರುತ್ತಾರೆ. ಕಾಪು ಕಡೆಯ ಒಬ್ಬ ಹುಡುಗನ ಆಟ ನೋಡುತ್ತಾ ಕೂತಿದ್ದೆ. ಅವನದು ವಾಲ್ಕಿರಿ ಎಂಬ ಯೋಧೆಯ ಪಾತ್ರ, ಎಚ್‌ಪಿ, ಅಂದರೆ ಉಳಿದಿರುವ ಪ್ರಾಣದ ಅಂಕ, 16. ಎದುರಿಗೆ ಮೂರು ಸಣ್ಣ ‘ಡಿ’, ಅಂದರೆ ನರಿಗಳು. ಬಲಕ್ಕೆ ಹೊಡೆಯುವ ‘ಎಲ್’ ಕೀ ಮೇಲೆ ಬೆರಳು ಇಟ್ಟವನು ತೆಗೆಯಲೇ ಇಲ್ಲ. ಮೇಲಿನ ಸಾಲಿನಲ್ಲಿ ನರಿ ಕಚ್ಚಿತು, ನರಿ ಕಚ್ಚಿತು, ನೀನು ತಪ್ಪಿದೆ ಅಂತ ಬರುತ್ತಾ ಉಂಟು, ಅವನ ಕಣ್ಣು ಮಾತ್ರ ನರಿಯ ಮೇಲೆ. ಎಚ್‌ಪಿ 16 ಹೋಗಿ 11, ಮತ್ತೆ 8, ಮತ್ತೆ 5. “ಕೈ ತೆಗಿ ಮಾರಾಯ” ಅಂದೆ. ನಿಂತ. ಅವನ ಹಿಂದೆ ಎರಡು ಹೆಜ್ಜೆಗೆ ಒಂದು ಓಣಿ ಇತ್ತು. ಓಣಿಗೆ ಸರಿದರೆ ಮೂರು ನರಿ ಒಟ್ಟಿಗೆ ಮೈಮೇಲೆ ಬೀಳಲು ಜಾಗ ಇಲ್ಲ, ಒಂದೊಂದೇ ಬರಬೇಕು. ಸರಿದ, ಮೂರನ್ನೂ ಕೊಂದ. ಓಣಿ ಮೊದಲಿನಿಂದಲೂ ಪರದೆಯ ಮೇಲೇ ಇತ್ತು, ನೋಡಲು ಪುರುಸೊತ್ತು ಮಾಡಿಕೊಂಡಿರಲಿಲ್ಲ ಅಷ್ಟೇ.

ಹಾಗಾಗಿ ಒಂದು ಗೆರೆ ಹಾಕಿಕೊಳ್ಳಿ. ಎಚ್‌ಪಿ ಅರ್ಧಕ್ಕೆ ಇಳಿಯಿತು ಅಂದರೆ ಆಟ ನಿಲ್ಲಿಸಿ, ‘ಐ’ ಒತ್ತಿ ಚೀಲದಲ್ಲಿ ಏನೇನು ಉಂಟು ಅಂತ ಮೇಲಿಂದ ಕೆಳಗಿನವರೆಗೆ ಓದಿ. ಓಡಲು ದಾರಿ ಉಂಟಾ, ಮೆಟ್ಟಿಲು ಎಷ್ಟು ದೂರ, ಎಸೆಯಲು ಏನಾದರೂ ಉಂಟಾ, ಇನ್ನೂ ಗುರುತು ಸಿಗದ ಮಂತ್ರದಂಡ ಬಿದ್ದುಕೊಂಡಿದೆಯಾ, ಶುರುವಿನಿಂದ ಜೊತೆಗಿರುವ ಸಾಕು ನಾಯಿ (ಅಥವಾ ಬೆಕ್ಕು) ಎಲ್ಲಿ. ಅರ್ಧ ಎಚ್‌ಪಿ ಇರುವಾಗ ನಿಮಗೆ ಇನ್ನೂ ನಾಲ್ಕೈದು ದಾರಿ ಇರುತ್ತದೆ. ಐದು ಎಚ್‌ಪಿಗೆ ಬಂದಾಗ ಹೆಚ್ಚಿನ ಸಲ ಇರುವುದು ಒಂದೇ. ಓಡುವುದಕ್ಕೆ ನಾಚಿಕೆ ಬೇಡ. ಗಾಳಿ ಬದಲಾದದ್ದು ನೋಡಿ ಬಲೆ ಎಳೆದುಕೊಂಡು ದಕ್ಕೆಗೆ ಮರಳುವವರನ್ನು ಮಲ್ಪೆಯಲ್ಲಿ ಯಾರೂ ಹೇಡಿ ಅನ್ನುವುದಿಲ್ಲ, ಅಲ್ವಾ?

ಈಗ ನಿಮ್ಮ ಒಂದೊಂದೇ ಸಾವಿಗೆ ಬರುತ್ತೇನೆ. ಮೂರೂ ಒಳ್ಳೆ ಪಾಠಗಳೇ.

ನೀಲಿ ‘ಇ’ ಅಂದರೆ ಫ್ಲೋಟಿಂಗ್ ಐ, ತೇಲುವ ಕಣ್ಣು. ಅದು ಯಾರ ತಂಟೆಗೂ ಬರುವುದಿಲ್ಲ, ಸರಿಯಾಗಿ ನಡೆಯುವುದೂ ಇಲ್ಲ, ಅಷ್ಟು ನಿಧಾನ. ಆದರೆ ನೀವು ಪಕ್ಕದಲ್ಲಿ ನಿಂತು ಕತ್ತಿಯಿಂದ ಹೊಡೆದರೆ ಅದರ ನೋಟಕ್ಕೆ ಸಿಕ್ಕಿ ಹತ್ತಾರು ಟರ್ನ್ ಮರಗಟ್ಟಿ ನಿಲ್ಲುತ್ತೀರಿ. ಅಷ್ಟು ಹೊತ್ತು ಅಲ್ಲಿಗೆ ಬಂದ ಯಾವ ಪುಟ್ಟ ಪ್ರಾಣಿಯೂ ನಿಮ್ಮನ್ನು ಆರಾಮಾಗಿ ತಿಂದು ಮುಗಿಸಬಹುದು. ಇದಕ್ಕೆ ನಿಯಮ ಸರಳ: ನೀಲಿ ‘ಇ’ ಕಂಡರೆ ಸುಮ್ನೆ ಬಳಸಿಕೊಂಡು ಹೋಗಿ, ಅದನ್ನು ಕೈಗೆಟುಕುವ ದೂರದಲ್ಲಿ ಹೊಡೆಯಲೇಬೇಡಿ. ಎಸೆಯಲು ಚೂರಿಗಳಿದ್ದರೆ ದೂರ ನಿಂತು ಎಸೆದು ಕೊಲ್ಲಬಹುದು, ಅದರಿಂದ ಏನೂ ಆಗುವುದಿಲ್ಲ. ಕೊಂದ ಮೇಲೆ ಆ ಹೆಣವನ್ನು ಕೂಡಲೇ ತಿಂದರೆ ಟೆಲಿಪತಿ ಬರುತ್ತದೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡಾಗ ಫ್ಲೋರಿನಲ್ಲಿರುವ ಮನಸ್ಸುಳ್ಳ ಜೀವಿಗಳೆಲ್ಲ ಎಲ್ಲೆಲ್ಲಿವೆ ಅಂತ ಕಾಣುವ ಶಕ್ತಿ ಅದು. ನಿಮ್ಮನ್ನು ಕೊಂದ ಅದೇ ಕಣ್ಣು ಮುಂದೆ ನಿಮಗೆ ಸಿಗುವ ದೊಡ್ಡ ಸಂಪಾದನೆಗಳಲ್ಲಿ ಒಂದು. ಬೂದು ಬಣ್ಣದ ‘ಇ’ ಬೇರೆ. ಅದು ಗ್ಯಾಸ್ ಸ್ಪೋರ್, ಹೊಡೆದು ಸಾಯಿಸಿದರೆ ಒಡೆದು ಸಿಡಿಯುತ್ತದೆ, ಶುರುವಿನಲ್ಲಿ ಆ ಸ್ಫೋಟ ತಡೆದುಕೊಳ್ಳುವ ಎಚ್‌ಪಿ ನಿಮಗೆ ಇರುವುದಿಲ್ಲ. ಅದನ್ನೂ ದೂರದಿಂದಲೇ.

ಈ ಆಟದಲ್ಲಿ ಅಕ್ಷರ ಒಂದೇ ಆದರೂ ಬಣ್ಣ ಬೇರೆಯಾದರೆ ಪ್ರಾಣಿಯೇ ಬೇರೆ. ಅದಕ್ಕೇ ಸೆಮಿಕೋಲನ್ ಕೀ ಇರುವುದು. ‘;’ ಒತ್ತಿ, ಕರ್ಸರನ್ನು ಆ ಅಕ್ಷರದ ಮೇಲೆ ಒಯ್ದು, ಚುಕ್ಕಿ ಒತ್ತಿ. ಅದು ಏನು, ಶಾಂತವಾಗಿದೆಯಾ ಇಲ್ಲವಾ ಎಲ್ಲ ಹೇಳುತ್ತದೆ. ಇದಕ್ಕೆ ಒಂದು ಟರ್ನ್ ಕೂಡ ಖರ್ಚಾಗುವುದಿಲ್ಲ. ಗುರುತಿಲ್ಲದ ಅಕ್ಷರ ಕಂಡಾಗಲೆಲ್ಲ ಇದನ್ನು ಮಾಡಿದರೆ ನಿಮ್ಮ ಅರ್ಧ ಸಾವುಗಳು ತಪ್ಪುತ್ತವೆ, ಇದು ನಾನು ಖಂಡಿತ ಹೇಳಬಲ್ಲೆ. ಇನ್ನೆರಡು ಹೆಸರು ನೆನಪಿಡಿ. ದೊಡ್ಡ ‘ಎಫ್’ ಎಲ್ಲವೂ ಶಿಲೀಂಧ್ರಗಳು, ಹೆಚ್ಚಿನವು ನಿಂತಲ್ಲೇ ನಿಂತಿರುತ್ತವೆ. ಕಂದು ಬಣ್ಣದ್ದನ್ನು ಮುಟ್ಟಿದರೆ ಚಳಿಯ ಏಟಿಗೇ ಹೊಸಬರು ಸಾಯುತ್ತಾರೆ. (ವಾಲ್ಕಿರಿಗೆ ಚಳಿ ತಟ್ಟುವುದಿಲ್ಲ, ಅದು ಬೇರೆ ಮಾತು.) ಅವು ತಾವಾಗಿ ಹಿಂದೆ ಬರುವುದಿಲ್ಲವಲ್ಲ, ಬಿಟ್ಟುಬಿಡಿ. ಹಳದಿ ‘ಸಿ’ ಕಾಕಟ್ರಿಸ್. ಅದನ್ನು ಬರಿಗೈಯಲ್ಲಿ ಮುಟ್ಟಿದರೂ ಕಲ್ಲು, ತಿಂದರೂ ಕಲ್ಲು. ಹೊಸಬರಿಗೆ ಅದರ ಹತ್ತಿರ ಎಂತ ಕೆಲಸವೂ ಇಲ್ಲ.

ಕೆಂಪು ‘ಎಚ್’ ಡ್ವಾರ್ಫ್, ಗಣಿ ಅಗೆಯುವ ಕುಳ್ಳ. ಇವನ ವಿಷಯ ಸ್ವಲ್ಪ ಉದ್ದ ಹೇಳಬೇಕು, ಯಾಕೆಂದರೆ ಎರಡರಿಂದ ನಾಲ್ಕನೇ ಫ್ಲೋರ್ ನಡುವೆ ಕವಲು ಒಡೆಯುವ ಗಣಿಯಲ್ಲಿ ಹೊಸಬರನ್ನು ಅತಿ ಹೆಚ್ಚು ಕೊಲ್ಲುವವನು ಇವನೇ ಅಂತ ನನ್ನ ಲೆಕ್ಕ. ಅವನ ಕೈಯಲ್ಲಿ ಮ್ಯಾಟಕ್ ಎಂಬ ಎರಡು ಕೈಯ ಭಾರದ ಗುದ್ದಲಿ ಇದ್ದರೆ ಅದರ ಏಟು 12ರವರೆಗೆ, ಅವನದೇ ತೋಳಿನ ಏಟು 8ರವರೆಗೆ, ಎರಡೂ ಕೂಡಿದರೆ ಒಂದೇ ಬೀಸಿಗೆ 20. ಹೊಸ ವಾಲ್ಕಿರಿಯ ಎಚ್‌ಪಿ 16. ಹಾಗಾಗಿ ಒಂದೇ ಏಟಿಗೆ ಸತ್ತದ್ದರಲ್ಲಿ ಆಶ್ಚರ್ಯ ಇಲ್ಲ. ಆದರೆ ಅವನಿಗೂ ಒಂದು ಕೊರತೆ ಉಂಟು: ಅವನ ವೇಗ 6, ನಿಮ್ಮದು 12. ಅವನು ಒಂದು ಹೆಜ್ಜೆ ಇಡುವಷ್ಟರಲ್ಲಿ ನಿಮಗೆ ಎರಡು ಅವಕಾಶ. ದೂರದಲ್ಲಿ ಕಂಡಾಗಲೇ ಚೂರಿ ಎಸೆಯಲು ಶುರು ಮಾಡಿ, ಹತ್ತಿರ ಬಂದರೆ ಹಿಂದೆ ಸರಿಯಿರಿ, ಮತ್ತೆ ಎಸೆಯಿರಿ. ನಾಯಿಯನ್ನು ಮುಂದೆ ಬಿಡಿ. ಮೇಲೆ ಹೋಗುವ ಮೆಟ್ಟಿಲ ಮೇಲೆ ನಿಂತು ಜಗಳ ಮಾಡಿ, ಕೈ ಮೀರಿತು ಅಂದರೆ ಒಂದೇ ಕೀಗೆ ಮೇಲಿನ ಫ್ಲೋರ್‌ನಲ್ಲಿರುತ್ತೀರಿ. ಪಕ್ಕಕ್ಕೇ ಅಂಟಿಕೊಂಡು ನಿಂತವರು ಮಾತ್ರ ನಿಮ್ಮ ಜೊತೆ ಮೆಟ್ಟಿಲು ಹತ್ತಿ ಬರಬಲ್ಲರು, ಉಳಿದವರು ಕೆಳಗೇ. ಅವನನ್ನು ಕೊಂದರೆ ಸಿಗುವುದೂ ಚಿನ್ನದಂಥ ಸಾಮಾನು: ಕಬ್ಬಿಣದ ಹೆಲ್ಮೆಟ್, ಗೋಡೆ ಕೊರೆಯುವ ಪಿಕ್ಯಾಕ್ಸ್, ಅದೃಷ್ಟ ಇದ್ದರೆ ಮಿಥ್ರಿಲ್ ಕವಚ.

ಇದಕ್ಕಿಂತ ಸುಲಭದ ಉಪಾಯವೂ ಉಂಟು, ಅದು ನಿಮ್ಮ ಪಾತ್ರದ ಪ್ರಶ್ನೆಗೆ ಉತ್ತರವೂ ಹೌದು. ಡ್ವಾರ್ಫ್ ಜಾತಿಯ ವಾಲ್ಕಿರಿ ತೆಗೆದುಕೊಳ್ಳಿ. ಆಗ ಗಣಿಯ ಡ್ವಾರ್ಫ್‌ಗಳು, ನೋಮ್‌ಗಳು ಹೆಚ್ಚಿನವರು ನಿಮ್ಮವರೇ, ಶಾಂತವಾಗಿ ಪಕ್ಕದಲ್ಲೇ ಓಡಾಡಿಕೊಂಡಿರುತ್ತಾರೆ. ತಪ್ಪಿ ಅವರ ಮೇಲೆ ನುಗ್ಗಿದರೆ ನಿಜವಾಗಲೂ ಹೊಡೆಯಬೇಕಾ ಅಂತ ಆಟ ಕೇಳುತ್ತದೆ, ಅಲ್ಲಿ ಎಸ್ಕೇಪ್ ಒತ್ತಿ. ಶಾಂತರನ್ನು ಕೊಂದರೆ ಅದೃಷ್ಟ ಐದು ಅಂಕ ಕುಸಿಯುತ್ತದೆ, ಅದೃಷ್ಟ ಸೊನ್ನೆಗಿಂತ ಕೆಳಗೆ ಇರುವವರೆಗೆ ಯಾವ ಪ್ರಾರ್ಥನೆಯೂ ಫಲಿಸುವುದಿಲ್ಲ. ಆಟದಲ್ಲಿ 13 ಪಾತ್ರಗಳಿವೆ, ಅದರಲ್ಲಿ ಹೊಸಬರ ಕೈ ಹಿಡಿಯುವುದು ವಾಲ್ಕಿರಿ, ಅದು ಬಿಟ್ಟರೆ ಸಮುರಾಯ್. ವಾಲ್ಕಿರಿಗೆ ಶುರುವಿನಲ್ಲೇ ಒಳ್ಳೆ ಉದ್ದ ಕತ್ತಿ, ಚೂರಿ, ಗುರಾಣಿ, ಚಳಿ ತಟ್ಟದ ಮೈ, ಸದ್ದಿಲ್ಲದ ನಡಿಗೆ. ಡ್ವಾರ್ಫ್ ಆದರೆ ಕತ್ತಲಲ್ಲಿ ಬಿಸಿ ರಕ್ತದ ಪ್ರಾಣಿಗಳೂ ಕಾಣುತ್ತವೆ. ವಿಝಾರ್ಡ್ ಕೊನೆಗೆ ಹೋಗುತ್ತಾ ಹೋಗುತ್ತಾ ಬಹಳ ಬಲಶಾಲಿ, ಆದರೆ ಶುರುವಿನ ಕೆಲವು ಸಾವಿರ ಟರ್ನ್ ದಾಟಿಸುವುದು ಕಷ್ಟ. ಮಂತ್ರಶಕ್ತಿ ಮುಗಿದ ಮೇಲೆ ಕೈಯಲ್ಲಿ ಒಂದು ಕೋಲು, ಮೈಯಲ್ಲಿ ಸ್ವಲ್ಪವೇ ಎಚ್‌ಪಿ. ನಿಮ್ಮ ಆಸೆಗೆ ತಣ್ಣೀರು ಎರಚುವುದು ನನ್ನ ಉದ್ದೇಶ ಅಲ್ಲ. ವಾಲ್ಕಿರಿಯಲ್ಲಿ ಒಮ್ಮೆ ಹತ್ತನೇ ಫ್ಲೋರ್ ಮುಟ್ಟಿ, ಆಮೇಲೆ ವಿಝಾರ್ಡ್ ತೆಗೆದುಕೊಳ್ಳಿ, ಆಗ ಅದರ ರುಚಿಯೇ ಬೇರೆ.

ವಾಲ್ಕಿರಿಗೆ ಇನ್ನೊಂದು ಸೌಲಭ್ಯ. ನಿಮ್ಮ ಅನುಭವದ ಲೆವೆಲ್ 5 ಆದ ಮೇಲೆ ಉದ್ದ ಕತ್ತಿಯನ್ನು ಕಾರಂಜಿಯಲ್ಲಿ ಅದ್ದುತ್ತಾ ಹೋದರೆ, ಪ್ರತಿ ಸಲವೂ ಆರರಲ್ಲಿ ಒಂದು ಪಾಲು ಅವಕಾಶದಲ್ಲಿ ಅದು ಎಕ್ಸ್‌ಕ್ಯಾಲಿಬರ್ ಎಂಬ ಮಾಂತ್ರಿಕ ಕತ್ತಿ ಆಗುತ್ತದೆ. ಡ್ವಾರ್ಫ್ ವಾಲ್ಕಿರಿ ಲಾಫುಲ್, ಅಂದರೆ ಧರ್ಮದ ಪಕ್ಷದವಳು, ಆದ್ದರಿಂದ ಇದು ನಿಮಗೆ ಸಿಗುತ್ತದೆ. ಅದ್ದುವಾಗ ನೀರು ಹಾವು, ಜಲಕನ್ಯೆ ಏನಾದರೂ ಎದ್ದು ಬರಬಹುದು, ಹಾಗಾಗಿ ಪೂರ್ತಿ ಎಚ್‌ಪಿ ಇರುವಾಗ ಮಾಡಿ. ಗಣಿಯ ಪೇಟೆಯ ಕಾರಂಜಿಯಲ್ಲಿ ಮಾತ್ರ ಬೇಡ, ಅದು ಬತ್ತಿದರೆ ಅಲ್ಲಿನ ಕಾವಲುಗಾರರು ನಿಮ್ಮ ಮೇಲೆ ತಿರುಗಿಬೀಳುತ್ತಾರೆ.

ಇನ್ನು ಪ್ರಾರ್ಥನೆ. ಇದು ಆಟದ ಅತಿ ದೊಡ್ಡ ಜೀವರಕ್ಷಕ, ಹಾಗೇ ಹೊಸಬರು ಅತಿ ಹೆಚ್ಚು ಹಾಳು ಮಾಡಿಕೊಳ್ಳುವುದೂ ಇದನ್ನೇ. ‘#’ ಒತ್ತಿ ‘ಪ್ರೇ’ ಅಂತ ಇಂಗ್ಲಿಷಿನಲ್ಲಿ ಬರೆದರೆ ದೇವರನ್ನು ಕರೆದಂತೆ. ಅವನು ಬರುವುದು ನೀವು ನಿಜವಾದ ಸಂಕಟದಲ್ಲಿದ್ದರೆ ಮಾತ್ರ. ಸಂಕಟ ಅಂದರೆ ಎಚ್‌ಪಿ ನಿಮ್ಮ ಗರಿಷ್ಠದ ಏಳನೇ ಒಂದು ಭಾಗಕ್ಕಿಂತ ಕಡಿಮೆ, ಅಥವಾ 5 ಮತ್ತು ಅದಕ್ಕಿಂತ ಕೆಳಗೆ. ಅಥವಾ ಹಸಿವಿನಿಂದ ‘ವೀಕ್’ ಅಂತ ಕೆಳಗಿನ ಸಾಲಿನಲ್ಲಿ ಬಂದಿರಬೇಕು. ಎಚ್‌ಪಿ 16ರಲ್ಲಿ 6 ಇದ್ದಾಗ ಪ್ರಾರ್ಥಿಸಿದರೆ ದೇವರ ಲೆಕ್ಕದಲ್ಲಿ ನಿಮಗೆ ಏನೂ ಆಗಿಲ್ಲ. ಈ ಒಂದು ಅಂಕದ ವ್ಯತ್ಯಾಸಕ್ಕೆ ಎಷ್ಟೋ ಒಳ್ಳೆ ಆಟಗಳು ಮುಗಿದುಹೋಗಿವೆ. ಎರಡನೇ ಷರತ್ತು ಸಮಯದ್ದು. ಆಟ ಶುರುವಾಗಿ 300 ಟರ್ನ್ ಕಳೆಯುವವರೆಗೆ ಪ್ರಾರ್ಥನೆ ಬೇಡ, ಒಮ್ಮೆ ಮಾಡಿದ ಮೇಲೆ ಮತ್ತೆ ಸುಮಾರು 1000 ಟರ್ನ್ ಕಾಯಿರಿ. ನಿಮ್ಮ ದೇವರು ಸಿಟ್ಟಾದದ್ದು ಬಹುಶಃ ಇದರಿಂದಲೇ, ಒಂದು ಸಲ ಬದುಕಿಸಿದ್ದಾನಲ್ಲ ಅಂತ ಬೆನ್ನಿಗೇ ಇನ್ನೊಂದು ಸಲ ಕರೆದಿರುತ್ತೀರಿ. ದೊಡ್ಡ ‘ಒ’ ಒತ್ತಿದರೆ ಆಯ್ಕೆಗಳ ಪಟ್ಟಿ ಬರುತ್ತದೆ, ಅದರಲ್ಲಿ ‘ಟೈಮ್’ ಎಂಬುದನ್ನು ಆನ್ ಮಾಡಿ, ಟರ್ನ್ ಎಷ್ಟಾಯಿತು ಅಂತ ಕೆಳಗೆ ಯಾವಾಗಲೂ ಕಾಣುತ್ತಿರುತ್ತದೆ. ಪ್ರಾರ್ಥಿಸಿದ ಟರ್ನನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ನಾನು ಈಗಲೂ ಬರೆಯುತ್ತೇನೆ.

ಹಸಿವಿನ ಬಗ್ಗೆ ನೀವು ಕೇಳಿಲ್ಲ, ಆದರೆ ಹೇಳುತ್ತೇನೆ, ಯಾಕೆಂದರೆ ಈ ಹೆದರಿಕೆಯಿಂದಲೇ ಎಷ್ಟೋ ಜನ ಗಡಿಬಿಡಿಯಲ್ಲಿ ಕೆಳಗೆ ಇಳಿಯುತ್ತಾರೆ. ನೀವು 900 ಅಂಕ ಹೊಟ್ಟೆಯಲ್ಲಿ ಇಟ್ಟುಕೊಂಡು ಶುರು ಮಾಡುತ್ತೀರಿ, ಟರ್ನ್‌ಗೆ ಒಂದರಂತೆ ಕರಗುತ್ತದೆ. 150ಕ್ಕಿಂತ ಕೆಳಗೆ ಹೋದಾಗ ‘ಹಂಗ್ರಿ’, 50ಕ್ಕಿಂತ ಕೆಳಗೆ ‘ವೀಕ್’. ಹಂಗ್ರಿ ಬಂದ ಕೂಡಲೇ ಗಾಬರಿ ಬೇಡ. ಹಿಂದೆ ಪ್ರಾರ್ಥನೆ ಮಾಡಿಲ್ಲದಿದ್ದರೆ ವೀಕ್ ಆಗುವವರೆಗೆ ಆಡುತ್ತಾ ಇರಿ, ಆಮೇಲೆ ಪ್ರಾರ್ಥಿಸಿ, ಹೊಟ್ಟೆ ಮತ್ತೆ 900ಕ್ಕೆ ಬರುತ್ತದೆ. ಅಂದರೆ ಮೊದಲ ಊಟ ದೇವರ ಲೆಕ್ಕದಲ್ಲಿ, ನಿಮ್ಮ ಬುತ್ತಿ ಹಾಗೇ ಉಳಿಯಿತು. ಉಳಿದಂತೆ ಕೊಂದದ್ದನ್ನು ಬಿಸಿ ಇರುವಾಗಲೇ ತಿನ್ನಿ. ಸತ್ತು 30 ಟರ್ನ್ ದಾಟಿದ ಹೆಣ ಮುಟ್ಟಬೇಡಿ. ಝೋಂಬಿ, ಮಮ್ಮಿಗಳ ಹೆಣ ಯಾವಾಗಲೂ ಬೇಡ, ಅವು ಸಾಯುವ ಮೊದಲೇ ಕೊಳೆತಿರುತ್ತವೆ. ನಾಯಿ ಬೆಕ್ಕು ತಿನ್ನಬೇಡಿ, ನಿಮ್ಮದೇ ಜಾತಿಯವರನ್ನು ತಿನ್ನಬೇಡಿ. ಲೈಕನ್ (ಅದೂ ಒಂದು ‘ಎಫ್’) ಮತ್ತು ಹಲ್ಲಿಯ ಹೆಣ ಕೊಳೆಯುವುದೇ ಇಲ್ಲ, ಸಿಕ್ಕರೆ ಚೀಲಕ್ಕೆ ಹಾಕಿ. ಹಲ್ಲಿಯನ್ನಂತೂ ತಿನ್ನದೆ ಕಾದಿಡಿ, ಮೈ ಕಲ್ಲಾಗಲು ಶುರುವಾದರೆ ಅದೇ ಮದ್ದು.

ಎಚ್‌ಪಿ ಇಳಿದ ಮೇಲೆ ಕೂತು ಸುಧಾರಿಸಿಕೊಳ್ಳುವುದಕ್ಕೂ ಇದೇ ಹೊಟ್ಟೆಯ ಲೆಕ್ಕ. ಲೆವೆಲ್ 1ರಲ್ಲಿ ಸುಮಾರು 15 ಟರ್ನ್‌ಗೆ ಒಂದು ಎಚ್‌ಪಿ ಮರಳುತ್ತದೆ. ನಿಧಾನ, ಆದರೂ ಅರ್ಧ ಎಚ್‌ಪಿಯಲ್ಲಿ ಕೆಳಗಿನ ಫ್ಲೋರ್‌ಗೆ ಇಳಿಯುವುದಕ್ಕಿಂತ ಎಷ್ಟೋ ಮೇಲು. 20 ಅಂತ ಒತ್ತಿ ‘ಎಸ್’ ಒತ್ತಿದರೆ ಇಪ್ಪತ್ತು ಟರ್ನ್ ಹುಡುಕುತ್ತಾ ನಿಲ್ಲುತ್ತೀರಿ, ಶತ್ರು ಕಂಡರೆ ಆಟವೇ ನಿಲ್ಲಿಸುತ್ತದೆ. ಮುಚ್ಚಿದ ಓಣಿಯ ಕೊನೆಯಲ್ಲಿ ಗುಪ್ತ ಬಾಗಿಲು ಸಿಗುವುದೂ ಹೀಗೇ.

ಕೆಳಗೆ ಇಳಿಯುವ ಅವಸರ ಯಾಕೆ ಬೇಡ ಅಂದರೆ, ಎಂಥ ರಾಕ್ಷಸ ಹುಟ್ಟಬೇಕು ಅಂತ ಆಟ ನಿರ್ಧರಿಸುವುದು ನೀವು ಎಷ್ಟು ಆಳದಲ್ಲಿದ್ದೀರಿ, ನಿಮ್ಮ ಲೆವೆಲ್ ಎಷ್ಟು ಅಂತ ಎರಡನ್ನೂ ಕೂಡಿಸಿ ನೋಡಿ. ಲೆವೆಲ್ ಕಡಿಮೆ ಇರುವಾಗಲೇ ತುಂಬಾ ಆಳಕ್ಕೆ ಹೋದರೆ ಸೋಲ್ಜರ್ ಆಂಟ್ ಎಂಬ ಇರುವೆ ಬರಬಹುದು. ನೀಲಿ ‘ಎ’, ವೇಗ 18, ಒಂದು ಟರ್ನ್‌ಗೆ ಕಚ್ಚುವುದೂ ಕುಟುಕುವುದೂ ಎರಡೂ. ಅದರಿಂದ ಓಡಿ ಬಚಾವಾಗಲು ಸಾಧ್ಯವೇ ಇಲ್ಲ. ಹಾಗಾಗಿ ಮೊದಲ ನಾಲ್ಕು ಫ್ಲೋರ್ ಪೂರ್ತಿ ನೋಡಿ, ಆಮೇಲೆ ಗಣಿಗೆ ಹೋಗಿ. ಐದರಿಂದ ಎಂಟನೇ ಆಳದಲ್ಲಿ ಗಣಿಯೊಳಗೆ ಒಂದು ಪೇಟೆ ಇರುತ್ತದೆ, ಮೈನ್‌ಟೌನ್. ಹೆಚ್ಚಿನ ಸಲ ಅಲ್ಲಿ ಅಂಗಡಿ, ಗುಡಿ, ಪೂಜಾರಿ ಎಲ್ಲ ಇರುತ್ತಾರೆ. ಪೂಜಾರಿಗೆ ನಿಮ್ಮ ಲೆವೆಲ್‌ನ 400 ಪಟ್ಟು ಚಿನ್ನ ಕೊಟ್ಟರೆ ರಕ್ಷಣೆ ಒಂದು ಅಂಕ ಗಟ್ಟಿಯಾಗುತ್ತದೆ, ಲೆವೆಲ್ 2 ಇದ್ದರೆ 800 ಸಾಕು, 5 ಇದ್ದರೆ 2000 ಬೇಕು. ಗುಡಿಯ ಪೀಠದ ಮೇಲೆ ಸಾಮಾನು ಇಳಿಸಿದರೆ ಕಪ್ಪು ಮಿಂಚು ಬಂದದ್ದು ಶಾಪ ತಗುಲಿದ್ದು, ಹೊನ್ನಿನ ಬಣ್ಣದ ಮಿಂಚು ಬಂದದ್ದು ವರ ಪಡೆದದ್ದು. ಪೇಟೆ ಮುಗಿಸಿ ಮೇಲೆ ಬಂದ ಮೇಲೆ, ಮುಖ್ಯ ಡಂಜನ್‌ನ ಆರರಿಂದ ಒಂಬತ್ತನೇ ಫ್ಲೋರ್ ನಡುವೆ ಮೇಲಕ್ಕೆ ಹೋಗುವ ಎರಡನೇ ಮೆಟ್ಟಿಲೊಂದು ಸಿಗುತ್ತದೆ. ಅದು ಸೊಕೊಬಾನ್, ಬಂಡೆ ತಳ್ಳುವ ಒಗಟು. ತಿನ್ನಲು ಬೇಕಾದಷ್ಟು, ಕೊನೆಯಲ್ಲಿ ಬ್ಯಾಗ್ ಆಫ್ ಹೋಲ್ಡಿಂಗ್ (ಒಳಗಿನ ಸಾಮಾನಿನ ಭಾರ ಇಳಿಸುವ ಚೀಲ) ಅಥವಾ ಅಮ್ಯುಲೆಟ್ ಆಫ್ ರಿಫ್ಲೆಕ್ಷನ್ (ಮಂತ್ರದ ಕಿರಣಗಳನ್ನು ತಿರುಗಿಸುವ ತಾಯತ) ಬಹುಮಾನ. ನನಗೆ ಕೇಳಿದರೆ ಆಟದ ಅತಿ ಚಂದದ ಭಾಗ ಅದು.

ಶಾಪದ ಸಾಮಾನು ಗುರುತಿಸಲು ಪೀಠ ಸಿಗುವವರೆಗೆ ಕಾಯಬೇಕಾಗಿಲ್ಲ, ನಿಮ್ಮ ನಾಯಿ ಸಾಕು. ಸಿಕ್ಕಿದ ಕವಚವನ್ನು ನೆಲದ ಮೇಲೆ ಬಿಟ್ಟು ನಾಯಿ ಅದರ ಮೇಲೆ ನಡೆಯುವುದನ್ನು ನೋಡಿ. ಆರಾಮಾಗಿ ನಡೆದರೆ ಶಾಪ ಇಲ್ಲ. ಒಲ್ಲದ ಮನಸ್ಸಿನಿಂದ ಹೆಜ್ಜೆ ಇಟ್ಟಿತು ಅಂತ ಸಂದೇಶ ಬಂದರೆ ಅದನ್ನು ತೊಡಲೇಬೇಡಿ, ತೊಟ್ಟರೆ ಬಿಚ್ಚಲು ಬರುವುದಿಲ್ಲ. ನಾಯಿಯನ್ನು ಬಿಟ್ಟು ಮೆಟ್ಟಿಲು ಇಳಿಯಬೇಡಿ, ಅದು ಪಕ್ಕಕ್ಕೆ ಬರುವವರೆಗೆ ನಿಂತು ಇಳಿಯಿರಿ. ಶುರುವಿನಲ್ಲಿ ಅದು ನಿಮಗಿಂತ ಒಳ್ಳೆ ಜಗಳಗಂಟ.

ದಂಡಗಳ ಗುರುತಿಗೂ ಒಂದು ದಾರಿ ಉಂಟು. ಮೊದಲು ಬೆರಳಿಂದ ಧೂಳಲ್ಲಿ ಒಂದು ಅಕ್ಷರ ಬರೆಯಿರಿ, ಆಮೇಲೆ ದೊಡ್ಡ ‘ಇ’ ಒತ್ತಿ ಗುರುತಿಲ್ಲದ ದಂಡದಿಂದ ಅದರ ಮೇಲೆ ಬರೆಯಲು ನೋಡಿ. ನೆಲ ಕೊರೆದರೆ ಅಗೆಯುವ ದಂಡ, ಸುಟ್ಟರೆ ಬೆಂಕಿಯದು, ಮೊದಲಿನ ಅಕ್ಷರ ಮಾಯವಾದರೆ ಟೆಲಿಪೋರ್ಟ್ ಇರಬಹುದು. ಅಗೆಯುವ ದಂಡ ಸಿಕ್ಕಿದರೆ ನಿಮಗೆ ಚಿಂತೆಯೇ ಇಲ್ಲ. ಸಾಯುವ ಹಂತಕ್ಕೆ ಬಂದಾಗ ಕೆಳಮುಖ ಹಾರಿಸಿ, ತೂತಿನಿಂದ ಕೆಳಗಿನ ಫ್ಲೋರ್‌ಗೆ ಬೀಳುತ್ತೀರಿ. ಅಂಗಡಿಯೊಳಗೆ ಮಾತ್ರ ಹೀಗೆ ಮಾಡಬೇಡಿ. ಅಂಗಡಿಯವರನ್ನು ಯಾವ ರೀತಿಯಲ್ಲೂ ಕೆಣಕಬೇಡಿ, ಪಿಕ್ಯಾಕ್ಸ್ ಇದ್ದರೆ ಬಾಗಿಲ ಹೊರಗೇ ಇಟ್ಟು ಹೋಗಿ.

ಅದೇ ಬರೆಯುವ ಕೀಯಲ್ಲಿ ಇನ್ನೊಂದು ಪ್ರಾಣ ಉಳಿಸುವ ವಿದ್ಯೆ ಇದೆ. ದೊಡ್ಡ ‘ಇ’, ಆಮೇಲೆ ‘-’ ಒತ್ತಿ, ಅಂದರೆ ಬೆರಳಿಂದ, ಎಲ್ಬೆರೆತ್ ಅಂತ ಬರೆಯಿರಿ. ಅಕ್ಷರಗಳು ಇ, ಎಲ್, ಬಿ, ಇ, ಆರ್, ಇ, ಟಿ, ಎಚ್. ಒಂದು ಅಕ್ಷರ ತಪ್ಪಿದರೂ ಕೆಲಸ ಮಾಡುವುದಿಲ್ಲ, ಧೂಳಲ್ಲಿ ಬರೆಯುವಾಗ ತಾನಾಗಿ ತಪ್ಪುವುದೂ ಉಂಟು, ಹಾಗಾಗಿ ‘:’ ಒತ್ತಿ ಓದಿ ನೋಡಿ. ಸರಿಯಾಗಿದ್ದರೆ ಹೆಚ್ಚಿನ ಪ್ರಾಣಿಗಳು ನಿಮ್ಮನ್ನು ಹತ್ತಿರದಿಂದ ಹೊಡೆಯದೆ ಹಿಂದೆ ಓಡುತ್ತವೆ. ನಾನು ಹೇಳುತ್ತಿರುವುದು ಆಟದ 3.6 ಆವೃತ್ತಿ ಸರಣಿಯ ಲೆಕ್ಕ: ಅದರಲ್ಲಿ ಪ್ರಾಣಿ ಹೆದರಿದಾಗಲೆಲ್ಲ ಏಳರಲ್ಲಿ ಒಂದು ಸಲ ಬರಹ ಅಳಿಸಿಹೋಗುತ್ತದೆ, ಅದರ ಮೇಲೆ ನಿಂತು ನೀವೇ ಕತ್ತಿ ಬೀಸಿದರೆ ಕೂಡಲೇ ಅಳಿಯುತ್ತದೆ. ‘@’ ರೂಪದ ಮನುಷ್ಯರು ಮತ್ತು ಗೂಳಿ ತಲೆಯ ಮಿನಟಾರ್ ಇದಕ್ಕೆ ಸೊಪ್ಪು ಹಾಕುವುದಿಲ್ಲ, ದೂರದಿಂದ ಎಸೆದ ಬಾಣವೂ ನಿಲ್ಲುವುದಿಲ್ಲ. ಇಷ್ಟೆಲ್ಲ ಮಿತಿ ಇದ್ದರೂ, ಎಚ್‌ಪಿ ಅರ್ಧಕ್ಕೆ ಇಳಿದಾಗ ಮಾಡಬಹುದಾದ ಒಳ್ಳೆ ಕೆಲಸಗಳಲ್ಲಿ ಇದು ಒಂದು.

ಓದಿಕೊಂಡು ಆಡಿದರೆ ಮೋಸವಾ ಅಂತ ಕೇಳಿದ್ದೀರಿ. ನನ್ನ ಉತ್ತರ ಖಡಾಖಂಡಿತ: ಅಲ್ಲ. ನೀಲಿ ‘ಇ’ ಮುಟ್ಟಬಾರದು ಅಂತ ಯಾರಾದರೂ ತಾನಾಗಿ ಊಹಿಸಲು ಸಾಧ್ಯವಾ? ಈ ಆಟವನ್ನು ಹಿಂದಿನಿಂದಲೂ ಜನ ಒಬ್ಬರಿಗೊಬ್ಬರು ಹೇಳಿಕೊಟ್ಟೇ ಆಡಿದ್ದಾರೆ. ನೆಟ್‌ಹ್ಯಾಕ್ ವಿಕಿಯಲ್ಲಿ ಎಲ್ಲ ಸಿಗುತ್ತದೆ. ಆದರೆ ಒಟ್ಟಿಗೆ ಎಲ್ಲ ಓದಬೇಡಿ, ಪ್ರತಿ ಸಲ ಸತ್ತಾಗ ಯಾವುದರಿಂದ ಸತ್ತಿರೋ ಅದರ ಪುಟ ಓದಿ, ಅದು ತಲೆಯಲ್ಲಿ ಉಳಿಯುತ್ತದೆ. ಸೇವ್ ಫೈಲ್ ಕಾಪಿ ಮಾಡಿಟ್ಟುಕೊಂಡು ಸತ್ತಾಗ ಮರಳಿ ತರುವುದು ಮಾತ್ರ ಬೇಡ ಅಂತೇನೆ. ನಿಧಾನಿಸುವ ಅಭ್ಯಾಸ ಬರುವುದೇ ಸಾವು ನಿಜ ಅನ್ನಿಸಿದಾಗ. ಬರೀ ಪರೀಕ್ಷೆ ಮಾಡಿ ನೋಡಬೇಕಿದ್ದರೆ ಎಕ್ಸ್‌ಪ್ಲೋರ್ ಮೋಡ್ ಅಂತ ಆಟದಲ್ಲೇ ಉಂಟು. ಅದರಲ್ಲಿ ಸತ್ತರೂ ಸಾಯಬೇಕಾ ಅಂತ ಕೇಳುತ್ತದೆ, ಸ್ಕೋರ್ ಪಟ್ಟಿಗೆ ಸೇರುವುದಿಲ್ಲ ಅಷ್ಟೇ.

ಕೊನೆಗೆ ಕೀಗಳು. ನಂಬರ್ ಪ್ಯಾಡ್ ಇಲ್ಲದ್ದು ತೊಂದರೆಯೇ ಅಲ್ಲ. ‘ಎಚ್’ ಎಡಕ್ಕೆ, ‘ಜೆ’ ಕೆಳಗೆ, ‘ಕೆ’ ಮೇಲೆ, ‘ಎಲ್’ ಬಲಕ್ಕೆ. ಓರೆಯಾಗಿ ಹೋಗಲು ‘ವೈ’, ‘ಯು’ ಮೇಲಿನ ಎರಡು ಮೂಲೆ, ‘ಬಿ’, ‘ಎನ್’ ಕೆಳಗಿನ ಎರಡು. ಎರಡು ದಿನ ಕಷ್ಟ, ಆಮೇಲೆ ಕೈ ತಾನಾಗಿ ಹೋಗುತ್ತದೆ. ಬಾಗಿಲಿನ ಚೌಕಟ್ಟಿನಲ್ಲಿ ಓರೆಯಾಗಿ ನಡೆಯಲು ಆಗುವುದಿಲ್ಲ, ನಿಮಗೂ ಆಗುವುದಿಲ್ಲ, ಶತ್ರುವಿಗೂ ಆಗುವುದಿಲ್ಲ. ಅದಕ್ಕೇ ಬಾಗಿಲಲ್ಲಿ ನಿಂತು ಜಗಳ ಮಾಡಿದರೆ ಎದುರಿಂದ ಒಬ್ಬ, ಹಿಂದಿನಿಂದ ಒಬ್ಬ, ಅಷ್ಟೇ. ‘_’ ಒತ್ತಿ ಆಮೇಲೆ ‘<’ ಒತ್ತಿ, ಚುಕ್ಕಿ ಒತ್ತಿದರೆ ಮೇಲಿನ ಮೆಟ್ಟಿಲಿಗೆ ತಾನಾಗಿ ನಡೆದು ಹೋಗುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಗ್ಯಾರಂಟಿ ಇಲ್ಲ, ಹಳೇ ಲ್ಯಾಪ್‌ಟಾಪಿನ ಬ್ಯಾಟರಿ ಕೇಳುವುದೇ ಬೇಡ. ಗುಡುಗು ಶುರುವಾದ ಕೂಡಲೇ ದೊಡ್ಡ ‘ಎಸ್’ ಒತ್ತಿ ಸೇವ್ ಮಾಡಿ ಹೊರಬನ್ನಿ. ಸಣ್ಣ ‘ಎಸ್’ ಹುಡುಕಲು, ದೊಡ್ಡದು ಸೇವ್‌ಗೆ, ಬದಲಾಯಿಸಿಕೊಳ್ಳಬೇಡಿ. ಡ್ವಾರ್ಫ್ ವಾಲ್ಕಿರಿಯಲ್ಲಿ ಶುರು ಮಾಡಿ, ಮೈನ್‌ಟೌನ್ ಮುಟ್ಟಿದ ಮೇಲೆ ಚೀಲದಲ್ಲಿ ಏನೇನು ಉಂಟು ಅಂತ ನನಗೆ ಬರೆದು ಕಳಿಸಿ, ಸೊಕೊಬಾನ್‌ಗೆ ಏನು ಒಯ್ಯಬೇಕು, ಏನು ಬಿಟ್ಟು ಹೋಗಬೇಕು ಅಂತ ಅದನ್ನು ನೋಡಿ ಹೇಳುತ್ತೇನೆ.